ಕಾರಣ ತಿಳಿದಿಲ್ಲ

4 ಸೆಪ್ಟೆಂಬರ್ 2017, ಸೋಮವಾರ

ಜಿಲ್ಲೆಗೆ ಕಳಿಸುವ ತಿಂಗಳ ಫಾರಂ ತುಂಬಿಸಿ ಮುಗಿಸಿದೆ. ಮೊಹಲ್ಲಾದಲ್ಲಿ ಹೊಸದಾಗಿ ಗಡ್ಡ ಬಿಟ್ಟವರು — ಯಾರೂ ಇಲ್ಲ. ತಲೆವಸ್ತ್ರವನ್ನು ಗದ್ದದ ಕೆಳಗೆ ಕಟ್ಟುವವರು — ಇಬ್ಬರು. ಅವರಲ್ಲಿ ಒಬ್ಬಳಿಗೆ ಹಲ್ಲುನೋವು, ಕೆನ್ನೆ ಊದಿದೆ, ಅದಕ್ಕೇ ಹಾಗೆ ಕಟ್ಟಿದ್ದಾಳೆ. ಅದನ್ನು ಬರೆಯಲು ಕಾಲಂ ಇಲ್ಲ. ಗಂಟು ಕತ್ತಿನ ಹಿಂದಿದ್ದರೆ ಸಂಪ್ರದಾಯ, ಮುಂದೆ ಬಂದರೆ ಸಂಶಯ.

ಹೆಸರಿಗೆ ನಾನು ಮೊಹಲ್ಲಾ ಸಮಿತಿಯ ಮಹಿಳಾ ಸಲಹೆಗಾರ್ತಿ. ಇಷ್ಟು ವರ್ಷದಲ್ಲಿ ಯಾರೂ ಸಲಹೆ ಕೇಳಿಲ್ಲ. ನಾನು ಬಂದರೆ ಮಾತು ನಿಲ್ಲಿಸಿ ಚಹಾ ಕೊಡುತ್ತಾರೆ.

ಸಂಜೆ ಎದುರುಮನೆಯ ತುರ್ದಿಮತ್ ಅಣ್ಣ ತಂದೂರಿ ಒಲೆಯ ಮಣ್ಣಿಗೆ ಕುರಿಯುಣ್ಣೆ ಬೆರೆಸಿ ತುಳಿಯುತ್ತಿದ್ದರು. ಗದ್ದ ನುಣ್ಣಗಿತ್ತು. ಯಾರನ್ನು ಕಂಡರೂ ನನ್ನ ಕಣ್ಣು ಮೊದಲು ಗದ್ದಕ್ಕೇ ಹೋಗುತ್ತದೆ. ಮುಖ ನೋಡುವುದು ಆಮೇಲೆ.

7 ಸೆಪ್ಟೆಂಬರ್, ಗುರುವಾರ

ಒಂಬತ್ತು ಗಂಟೆಗೆ ತುರ್ದಿಮತ್ ಅಣ್ಣ ಠಾಣೆಗೆ ಹೊರಟರು. ಮತಾಂಧರಿರಬಹುದೆಂದು ಪೊಲೀಸರು ಬರೆದಿಟ್ಟ ಪಟ್ಟಿಯಲ್ಲಿರುವವರು ಗುರುವಾರ ಗುರುವಾರ ಹೋಗಿ ಸಹಿ ಹಾಕಬೇಕು. ಎಂಟು ವರ್ಷವಾಯಿತು. ಊರು ಬಿಡಲು ಅನುಮತಿ ಬೇಕು. ಕಳೆದ ವರ್ಷ ತಾಷ್ಕೆಂಟಿನಲ್ಲಿ ಮಗಳ ಹೆರಿಗೆ. ಅನುಮತಿ ಬರುವ ಹೊತ್ತಿಗೆ ಮಗುವಿಗೆ ಹಲ್ಲು ಬಂದಿತ್ತು.

8 ಸೆಪ್ಟೆಂಬರ್, ಮಧ್ಯಾಹ್ನ

ನಂಬಲಾಗುತ್ತಿಲ್ಲ. ಸಮಿತಿಯ ಅಧ್ಯಕ್ಷ ಗುಲೊಮ್ ಅವರು ಜಿಲ್ಲೆಯಿಂದ ಬಂದವರೇ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿಯಲ್ಲಿರುವ ಹೆಸರುಗಳನ್ನು ತೆಗೆಯುತ್ತಾರಂತೆ, ದೇಶದ ಉದ್ದಗಲಕ್ಕೂ.

“ಈ ತಿಂಗಳ ಫಾರಂ ಕಳಿಸಿದೀನಲ್ಲ?” ಎಂದೆ.

“ಅದನ್ನ ಯಾರೂ ಓದಲ್ಲ. ಇನ್ಮೇಲೆ ಬರೀಬೇಡ.”

“ಗಡ್ಡದ್ದೂ?”

“ಗಡ್ಡದ್ದೂ, ಗಂಟಿಂದೂ. ಎಷ್ಟು ಸಲ ಹೇಳ್ಲಿ ನಿಂಗೆ.”

ಮನೆಗೆ ಬರುವಾಗ ನಗು ತಡೆಯಲಾಗಲಿಲ್ಲ. ಬೆನ್ನ ಮೇಲಿಂದ ಅಕ್ಕಿಮೂಟೆ ಇಳಿಸಿದ ಹಾಗಿತ್ತು. ಹಲ್ಲುನೋವಿನವಳು ಸಿಕ್ಕಳು, ಗಂಟು ಇನ್ನೂ ಗದ್ದದ ಕೆಳಗೆ. ಲವಂಗ ಇಟ್ಟುಕೋ ಎಂದೆ. ಮೊದಲ ಸಲಹೆ.

19 ಸೆಪ್ಟೆಂಬರ್, ಮಂಗಳವಾರ

ನಗು ಹನ್ನೊಂದು ದಿನ ಬಾಳಿತು. ನಮ್ಮ ಮೊಹಲ್ಲಾದ ಏಳು ಹೆಸರಲ್ಲಿ ಆರು ಹೋಗುತ್ತವೆ. ಒಂದು ಉಳಿಯಬಹುದು — ತುರ್ದಿಮತ್ ಅಣ್ಣನದು. ಉಳಿದವರ ಕಡತದಲ್ಲಿ ತಪ್ಪೊಪ್ಪಿಗೆಯೋ ಸಾಕ್ಷಿಯೋ ಏನೋ ಒಂದಿದೆ, ವಿಚಾರಿಸಿ ಮುಚ್ಚುತ್ತಾರೆ. ಇವರದರಲ್ಲಿ ಒಂದೇ ಸಾಲು. “ಗಡ್ಡ ಬಿಟ್ಟಿದ್ದಾರೆ. ಕಾರಣ ತಿಳಿದಿಲ್ಲ.” ಕಾರಣ ಗೊತ್ತಾಗದೆ ಮುಚ್ಚುವಂತಿಲ್ಲವಂತೆ.

ಅದು ನನ್ನ ಕೈಬರಹ.

ಗುಲೊಮ್ ಬಾಗಿಲು ಮುಂದೆ ಮಾಡಿ ಹೇಳಿದರು, “ಸಭೇಲಿ ಯಾರು ಬರೆದಿದ್ದು ಅಂತ ಕೇಳ್ತಾರೆ. ನೀನು ಸುಮ್ನಿದ್ಬಿಡು ಮುಹಯ್ಯೊ. ಕೆಲಸ ಉಳ್ಕೊಳುತ್ತೆ. ಒಬ್ಬ ಪಟ್ಟಿಲಿದ್ರೆ ಪ್ರಪಂಚ ಮುಳುಗಲ್ಲ.”

20 ಸೆಪ್ಟೆಂಬರ್

ಇಲ್ಲಾದರೂ ಬರೆಯುತ್ತೇನೆ. 2009, ವಸಂತ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಗಡ್ಡ ಬಿಟ್ಟವರ ಮೂರು ಹೆಸರು ಬೇಕೆಂದು ಮೇಲಿನಿಂದ ಫೋನ್. ನನ್ನ ಹತ್ತಿರ ಎರಡೇ ಇದ್ದವು. ಕಿಟಕಿಯಾಚೆ ತುರ್ದಿಮತ್ ಅಣ್ಣ ಬಾಗಿಲಲ್ಲಿ ನಿಂತಿದ್ದರು, ಸಾವಾದ ಮನೆಯ ರೂಢಿಯಂತೆ ನಿಲುವಂಗಿಗೆ ನಡುಪಟ್ಟಿ ಬಿಗಿದು, ಮುಖದ ತುಂಬ ಗಡ್ಡ. ತಾಯಿ ತೀರಿ ಮೂವತ್ತನಾಲ್ಕನೆಯ ದಿನ. ತಾಯಿ ಸತ್ತರೆ ಮಗ ನಲವತ್ತು ದಿನ ಕ್ಷೌರದ ಕತ್ತಿ ಮುಟ್ಟುವುದಿಲ್ಲ, ಅದು ಈ ಬೀದಿಯ ಕೂಸಿಗೂ ಗೊತ್ತು. ಇಪ್ಪತ್ತನೆಯ ದಿನದ ಪಲಾವ್ ನಾನೇ ಎರಡು ಸಲ ಬಡಿಸಿಕೊಂಡು ತಿಂದಿದ್ದೆ. ಆದರೂ ಬರೆದೆ. ಒಂದು ತಿಂಗಳಲ್ಲಿ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಅತ್ತೆಯ ಹತ್ತಿರ ಈವತ್ತು ಬಾಯಿಬಿಟ್ಟೆ. ನಮ್ಮ ಯಜಮಾನರು ರಷ್ಯಾದಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ, ಹೇಳಿಕೊಳ್ಳಲು ಇನ್ಯಾರಿದ್ದಾರೆ.

ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ನಾವು ರೊಟ್ಟಿ ಸುಡೋ ಒಲೆ ಯಾರು ಮಾಡಿಕೊಟ್ಟಿದ್ದು?”

“ತುರ್ದಿಮತ್ ಅಣ್ಣ.”

“ಯಾವಾಗ?”

ಮನಸ್ಸಲ್ಲೇ ಲೆಕ್ಕ ಹಾಕಿದೆ. ಮೂರು ವರ್ಷದ ಹಿಂದೆ, ನಾನು ಆ ಸಾಲು ಬರೆದು ಐದು ವರ್ಷವಾದ ಮೇಲೆ.

“ಹೋಗಿ ಹೇಳು. ಕೆಲಸ ಹೋದ್ರೆ ಹೋಗ್ಲಿ, ಮಗ್ಗ ಇದೆ. ನನ್ ಕಾಲಿನ್ನೂ ಸೋತಿಲ್ಲ, ತುಳೀತೀನಿ.”

12 ಅಕ್ಟೋಬರ್, ಗುರುವಾರ, ಸಂಜೆ 5

ಈಗ ಮನೆಗೆ ಬಂದೆ. ಚಹಾದಂಗಡಿಯಲ್ಲೇ ಸಭೆ. ಜಿಲ್ಲೆಯ ಪೊಲೀಸ್ ಕ್ಯಾಪ್ಟನ್, ಚಿಕ್ಕ ವಯಸ್ಸು. ಆರು ಹೆಸರು ಬೇಗ ಬೇಗ ಮುಗಿದವು. ಏಳನೆಯ ಕಾಗದ ಎತ್ತಿ ಹಿಡಿದ.

“ಇದು ಯಾರ ಬರಹ?”

ಗುಲೊಮ್ ಚಹಾ ಬಟ್ಟಲಿನೊಳಗೆ ನೋಡುತ್ತ ಕೂತರು.

“ನಂದು,” ಅಂದೆ.

“ಕಾರಣ ತಿಳಿದಿಲ್ಲ ಅಂತ ಇದೆ.”

“ತಿಳಿದಿತ್ತು. ತಾಯಿ ತೀರ್ಕೊಂಡಿದ್ರು.”

“ಮತ್ತೆ ಯಾಕಮ್ಮ ಹೀಗೆ ಬರೆದ್ರಿ?”

“ಮೂರು ಹೆಸರು ಬೇಕು ಅಂದ್ರು. ನನ್ ಹತ್ರ ಎರಡೇ ಇತ್ತು.”

ಯಾರೋ ಕೆಮ್ಮಿದರು. ಹಿರಿಯರೊಬ್ಬರು ಎದ್ದರು, “ನಿಜ ಕಣಪ್ಪ, ಬರ್ಕೊ. ಆಯಮ್ಮನ ಮಣ್ಣಿಗೆ ನಾವೆಲ್ಲ ಹೋಗಿದ್ವಿ.”

“ಹೋಗಿದ್ರೆ ಎಂಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?” ಎಂದು ಕ್ಯಾಪ್ಟನ್ ಕೇಳಿದ. ಹಿರಿಯರು ಕೂತರು.

ಅವನು ತುಂಬ ಹೊತ್ತು ಬರೆದ. ನನ್ನ ಸಹಿ ಹಾಕಿಸಿಕೊಂಡ. ತುರ್ದಿಮತ್ ಅಣ್ಣ ಮೂಲೆಯಲ್ಲಿ ಕೂತಿದ್ದರು. ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

13 ಅಕ್ಟೋಬರ್

ಬೆಳಿಗ್ಗೆ ನಾನೇ ಹೋದೆ. ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು. ಅವರು ಮಣ್ಣಿನಲ್ಲಿ ಮೊಣಕಾಲಿನವರೆಗೆ ನಿಂತಿದ್ದರು.

“ತುರ್ದಿಮತ್ ಅಣ್ಣ, ನನ್ನ ಮಾಫ್...”

“ಗೊತ್ತಿತ್ತು ತಂಗಿ. ಮೊದಲ್ನೇ ದಿನವೇ ಠಾಣೇಲಿ ಕಾಗದ ತೋರಿಸಿದ್ರು. ನನ್ ಮಗಳ ಮದುವೆ ಕರೆಯೋಲೆ ಎಲ್ಲ ಬರೆದೋಳು ನೀನು, ನಿನ್ ಅಕ್ಷರ ನಂಗೆ ಗೊತ್ತಾಗಲ್ವ?”

“ಒಲೆ ಯಾಕೆ ಮಾಡ್ಕೊಟ್ರಿ ಮತ್ತೆ?”

“ಒಲೆ ಕೇಳಿದ್ದು ನಿಮ್ಮತ್ತೆ.” ತುಳಿಯುವುದನ್ನು ನಿಲ್ಲಿಸಿದರು. “ನಂಗೆ ಸಿಟ್ಟಿಲ್ಲ ಅನ್ಕೋಬೇಡ. ಇದೆ. ಮಾಫಿ ಅನ್ನೋ ಒಂದ್ ಮಾತಲ್ಲಿ ಎಂಟು ವರ್ಷ ಮಡಚಿ ಇಡಕ್ಕಾಗಲ್ಲ. ಆದ್ರೆ ನಿನ್ನೆ ನೀನು ಎದ್ದು ನಿಂತಾಗ... ಹಗುರಾಯ್ತು. ಅದೂ ಸುಳ್ಳಲ್ಲ.”

ಹೊರಡುವಾಗ ಬೆನ್ನಿಗೆ ಹೇಳಿದರು, “ಮೂವತ್ತೈದನೇ ದಿನ ಠಾಣೇಲಿ ಕೂರಿಸಿ ಬೋಳಿಸಿದ್ರು. ಸಹಿಗೆ ಹೋದದ್ದೆಲ್ಲ ಮರೆತೇನು. ಅದೊಂದು ಆಗಲ್ಲ. ಅಮ್ಮಂಗೆ ಇನ್ನೂ ಐದು ದಿನ ಬಾಕಿ.”

ರೊಟ್ಟಿ ಮಾತ್ರ ತೆಗೆದುಕೊಂಡರು.

26 ಅಕ್ಟೋಬರ್, ಗುರುವಾರ

ಕಾಗದ ಬಂತು. ಹೆಸರು ತೆಗೆದಿದ್ದಾರೆ. ಬಂದದ್ದು ನಿನ್ನೆಯೇ. ಆದರೂ ಈವತ್ತು ಒಂಬತ್ತಕ್ಕೆ ಅಭ್ಯಾಸಬಲದಿಂದ ತುರ್ದಿಮತ್ ಅಣ್ಣ ಠಾಣೆಯ ಕಡೆ ಹೊರಟು, ಸೇತುವೆಯ ತನಕ ಹೋಗಿ, ತಲೆ ಕೆರೆದುಕೊಂಡು ಹಿಂದಿರುಗಿದರು. ದಾರಿಯಲ್ಲಿ ಕಲ್ಲಂಗಡಿ ಕೊಂಡಿದ್ದರು. ಬೀದಿಯೆಲ್ಲ ನಕ್ಕಿತು. ಅವರೂ ನಕ್ಕರು. ನಾನು ಕಿಟಕಿಯ ಪರದೆಯ ಹಿಂದೆ ನಿಂತು ನಕ್ಕೆ, ಕಣ್ಣಲ್ಲಿ ನೀರು.

ನನ್ನ ಕೆಲಸ ಸದ್ಯಕ್ಕೆ ಇದೆ. ಗುಲೊಮ್ ಮಾತು ಬಿಟ್ಟಿದ್ದಾರೆ, ಅದೊಂದು ಸುಖ.

3 ನವೆಂಬರ್, ಶುಕ್ರವಾರ

ಮಸೀದಿಯ ಮೈಕಿನಲ್ಲಿ ಅಜಾನ್. ಎಷ್ಟೋ ವರ್ಷದ ನಿಷೇಧದ ಮೇಲೆ. ಬೀದಿಯ ಮಗ್ಗಗಳೆಲ್ಲ ಒಂದು ಕ್ಷಣ ನಿಂತವು. ಅತ್ತೆಗೆ ಕಿವಿ ಅಷ್ಟಕ್ಕಷ್ಟೆ, ಅವರಿಗೂ ಕೇಳಿಸಿತು.

“ಸದ್ಯ, ಇನ್ಮೇಲೆ ಹೊತ್ತೆಷ್ಟು ಅಂತ ನಿನ್ನ ಕೇಳೋದು ತಪ್ತು,” ಅಂದರು. ಆಮೇಲೆ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡರು.

6 ನವೆಂಬರ್, ಸೋಮವಾರ, ಬೆಳಿಗ್ಗೆ 7

ಫಾರಂ ತುಂಬುವ ದಿನ. ಫಾರಂ ಇಲ್ಲ. ಕೈ ಸುಮ್ಮನಿರದು, ಇಲ್ಲೇ ಬರೆದುಕೊಳ್ಳುತ್ತೇನೆ.

ಎದುರುಬಾಗಿಲಲ್ಲಿ ತುರ್ದಿಮತ್ ಅಣ್ಣ ನಿಂತಿದ್ದಾರೆ. ಮಣ್ಣು ತುಳಿಯುತ್ತಿಲ್ಲ. ಹಳೆಯ ನಿಲುವಂಗಿ, ನಡುಪಟ್ಟಿ ಬಿಗಿದಿದ್ದಾರೆ. ಕಣ್ಣು ಮೊದಲು ಗದ್ದಕ್ಕೇ ಹೋಯಿತು. ಮೂರು ದಿನದ ಗಡ್ಡ.

ಕಾರಣ ತಿಳಿದಿದೆ.

ಬಾಕಿ ಐದರಲ್ಲಿ ಇನ್ನೆರಡು ದಿನ. ನಲವತ್ತರ ಪಲಾವ್‌ಗೆ ಕ್ಯಾರೆಟ್ ಹೆಚ್ಚಲು ಜನ ಬೇಕಾದೀತು. ಕರೆಯುತ್ತಾರೋ ಇಲ್ಲವೋ... ಅವರು ಈ ಕಡೆ ನೋಡಿದರು. ಕೈ ಎತ್ತಿ ಕರೆದರು. ಹೊರಟೆ.