ಓಟಿನ ವರ್ಷದಲ್ಲಿ ಪುರಾಣವಿಲ್ಲ

ಠಾಕುರ್ಲಿ, ಡೊಂಬಿವಲಿ ಪೂರ್ವ
ಮಂಗಳವಾರ, ೨೬ ಮಾರ್ಚ್ ೨೦೧೩

ಮಗ ಲೋಕನಾಥನಿಗೆ ಅಮ್ಮ ಪ್ರೀತಿಯಿಂದ ಬರೆಯುವುದು.

ಹೇಗಿದ್ದೀ ಮಗಾ? ಶುಗರಿನ ಮಾತ್ರೆ ಊಟಕ್ಕೆ ಮೊದಲು ನುಂಗುತ್ತೀಯೋ, ಇಲ್ಲ ಜೀಪಿನವರು ಜೈಕಾರ ಹಾಕಿ ಮುಗಿಸಿದ ಮೇಲೋ? ಹೋದ ಹೋದ ಮನೆಯಲ್ಲಿ ಕೊಟ್ಟ ಶರಬತ್ತನ್ನೆಲ್ಲ ಕುಡಿಯಬೇಡ. ನಾವು ಇಲ್ಲಿ ಸೌಖ್ಯ. ನಾಳೆ ಹೋಳಿ, ಮಕ್ಕಳು ಇವತ್ತೇ ಬಲೂನಿಗೆ ನೀರು ತುಂಬಿ ಹೊಡೆಯುತ್ತಿದ್ದಾರೆ. ಲಿಫ್ಟ್ ಕೆಟ್ಟು ನಿಂತಿದೆ, ಸೊಸೈಟಿಯವರು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಿದ್ದಾರೆ. ಮಾತಿನಿಂದ ಲಿಫ್ಟ್ ಏರುವುದಾಗಿದ್ದರೆ ನಾವು ಈಗ ಆಕಾಶದಲ್ಲಿರುತ್ತಿದ್ದೆವು. ಲೋಲಾಕ್ಷಿ ನಿನ್ನ ಬದಲಿಗೆ ಘೋಡಬಂದರ್ ರಸ್ತೆಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು, ಬಸ್ಸು, ಲೋಕಲ್ ರೈಲು ಎರಡರಲ್ಲೂ ನಿಂತುಕೊಂಡೇ ಮನೆಗೆ ಬರುತ್ತಾಳೆ. ಗಂಡ ಶಾಸಕನಾಗುತ್ತಾನೆ ಎಂಬ ಖುಷಿ ಅವಳ ಮುಖದಲ್ಲಿ ನನಗೆ ಕಾಣಲಿಲ್ಲ. ಕಾಲು ಊದಿದ್ದು ಕಂಡಿತು. ಅವಳಿಗೆ ಫೋನ್ ಮಾಡಿ ನಾಲ್ಕು ಮಾತಾಡು.

ನನಗೆ ಫೋನ್ ಮಾಡಬೇಡ. ನೀನು ‘ಹಾಂ ಅಮ್ಮ, ಹಾಂ ಅಮ್ಮ’ ಎನ್ನುತ್ತಲೇ ಬೇರೆ ಯಾರಿಗೋ ಬ್ಯಾನರ್ ಎಲ್ಲಿ ಕಟ್ಟಬೇಕೆಂದು ಹೇಳುತ್ತೀ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು. ಅಕ್ಷರ ಮಾತ್ರ ತಿದ್ದು, ವಿಷಯ ತಿದ್ದಬೇಡ.

ನಿನ್ನ ದೋಸ್ತಿ ಹರಿಶ್ಚಂದ್ರ ನಿನ್ನೆ ಬಂದಿದ್ದ. ನೀನು ಕಳಿಸಿದ ಆಮಂತ್ರಣ ತೋರಿಸಿದ. ‘ಮಾಜಿ ಶಾಸಕ, ಆದರ್ಶ ಶಿಕ್ಷಕ, ಪ್ರವಚನಕಾರ ದಿವಂಗತ ಹಿರಿಯಣ್ಣ ಮಾಸ್ಟರರ ಸ್ಮರಣಾರ್ಥ ಹೆಬ್ಬೈಲಿನಲ್ಲಿ ರಾಮಾಯಣ ಸಪ್ತಾಹ, ದೀಪ ಬೆಳಗುವವರು ಅವರ ಧರ್ಮಪತ್ನಿ ದ್ರೌಪದಿಯಮ್ಮ.’ ಕೆಳಗೆ ಕೈ ಮುಗಿದ ನೀನು, ರಾಮನಿಗಿಂತ ದೊಡ್ಡದಾಗಿ. ಏಳು ದಿನ ಪುರಾಣ, ಅದರ ನಡುವೆಯೇ ನಿನ್ನ ನಾಮಪತ್ರ, ಕೊನೆಯ ದಿನ ರಾಮನವಮಿಯ ಪಾನಕದ ಜೊತೆ ನಿನ್ನ ಭಾಷಣ. ಹರಿಶ್ಚಂದ್ರ ಸೋಫಾದ ತುದಿಯಲ್ಲಿ ಕೂತು, “ಅಮ್ಮ, ನೀವ್ ಬರೀ ದೀಪ ಹಚ್ಚಿ ಕೂತ್ಕಂಡ್ರೆ ಸಾಕ್. ಮಾತಾಡುದ್ ನಮ್ಗ್ ಬಿಡಿ. ಮಾಸ್ಟ್ರ ಹೆಸ್ರಿಗೇ ಓಟ್ ಬೀಳತ್ತ್” ಎಂದ. “ಹೌದ್ ಮಾರಾಯ, ದೀಪದ ಕಂಬಕ್ಕೂ ಅಷ್ಟೇ ಕೆಲ್ಸ. ಅದನ್ನೇ ಜೀಪಂಗೆ ಕೂರ್ಸ್ಕಂಡ್ ಹೋಗಿ” ಎಂದೆ. ನಿನ್ನ ಮಗಳು ಪ್ರಣೀತಾ ಒಳಗಿನಿಂದಲೇ ನಕ್ಕು, “ಅಜ್ಜೀ, ತೂ ಭೀ ನಾ!” ಎಂದಳು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಆಮಂತ್ರಣದ ಹಿಂಬದಿಯನ್ನೂ ಓದಿದೆ. ನಿನ್ನ ಅಪ್ಪಯ್ಯ ಎರಡನೆಯ ಸಲ ನಿಂತಾಗ ಸೋತದ್ದು ‘ವಿರೋಧಿಗಳ ಸಂಚಿನಿಂದ’ ಎಂದು ಅಚ್ಚು ಹಾಕಿಸಿದ್ದೀ. ಯಾವ ಸಂಚು? ಆಗ ನೀನು ಹೈಸ್ಕೂಲು, ಮರೆತಿರಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಕೇಳು.

ಅವರನ್ನು ದೇವರು ಮಾಡಲು ನಾನು ಹೊರಟಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಟ್ರಂಕಿನ ಮೇಲೆ ಕೂರಿಸಿ, ಯಾರದೋ ಹಳ್ಳಿಯ ಸೇತುವೆಯ ಮಾತಿನಲ್ಲಿ ಮರೆತು ನಡೆದುಬಿಟ್ಟ ಮನುಷ್ಯ. ಶಾಸಕನಾದ ಮೇಲೂ ಊರಿಗೆ ಬಂದ ಮರುದಿನ ಶಾಲೆಗೇ ಓಡುತ್ತಿದ್ದರು. ಬದಲಿಗೆ ಬಂದ ಮಾಸ್ಟ್ರಿಗೆ ಭಾಗಾಕಾರ ಹೇಳಿಕೊಡಲು ಬರುವುದಿಲ್ಲವೆಂದು ಇವರಿಗೆ ನಿದ್ದೆ ಇರಲಿಲ್ಲ. ಮನೆಯ ಮಾಡು ಸೋರುವುದು ಮಾತ್ರ ಅವರ ಕ್ಷೇತ್ರಕ್ಕೆ ಸೇರಿರಲಿಲ್ಲ.

ಆದರೆ ಪುರಾಣಕ್ಕೆ ಕೂತರೆ ಬೇರೆಯೇ ಮನುಷ್ಯ. ದೇವಸ್ಥಾನದ ಅಂಗಳದಲ್ಲಿ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಗೆದ್ದ ವರ್ಷ ಸೀತೆಯನ್ನು ಕಾಡಿಗೆ ಬಿಟ್ಟು ಬರುವ ಕಥೆ ನಡೆದಿತ್ತು. ಕಥೆಯ ನಡುವೆ ಒಬ್ಬಳು ಮುದುಕಿ ಎದ್ದು ಬಂದು, ಹೂವಿನ ಜೊತೆ ಒಂದು ಅರ್ಜಿಯನ್ನು ಪುಸ್ತಕದ ಮೇಲೆ ಇಟ್ಟಳು. ಕೇರಿಗೊಂದು ಬಾವಿ ಬೇಕಿತ್ತು. ಇವರು ತಲೆ ಎತ್ತಿ ನೋಡಿದರೆ ಅಂಗಳ ತುಂಬ ಜನರ ಸೊಂಟದಲ್ಲಿ, ಸೆರಗಿನಲ್ಲಿ ಅರ್ಜಿ. ಸೀತೆಗಾಗಿ ಅಳುತ್ತಿದ್ದವರು ನಿಜವಾಗಿ ಅತ್ತರೋ, ಶಾಸಕರು ನೋಡಲಿ ಎಂದು ಅತ್ತರೋ? ಮನೆಗೆ ಬಂದು ಉಣ್ಣದೆ ಕೂತು, “ಪುರಾಣ ಕೇಂಬುಕ್ ಬಂದವ್ರ್ ಯಾರ್, ಬೇಡುಕ್ ಬಂದವ್ರ್ ಯಾರ್ ಅಂತ ನಂಗೇ ಗೊತ್ತಾತಿಲ್ಲೆ. ನಾನ್ ಹೇಳುದ್ ಪುರಾಣವೋ ಭಾಷಣವೋ ಅಂತ ಅವ್ರಿಗ್ ಹ್ಯಾಂಗ್ ಗೊತ್ತಾಯ್ಕ್?” ಎಂದರು. ಆ ಬಾವಿ ಆಯಿತು. ಪುಸ್ತಕ ಮಾತ್ರ ಅಧಿಕಾರ ಇರುವವರೆಗೂ ತೆರೆಯಲಿಲ್ಲ.

ಮುಂದಿನ ಚುನಾವಣೆಗೆ ಪಕ್ಷದ ಹಿರಿಯರು ನಮ್ಮ ಜಗಲಿಯಲ್ಲೇ ಕೂತು, ಒಂದೇ ಒಂದು ಸಪ್ತಾಹ ಮಾಡಿ ಮಾಸ್ಟ್ರೇ, ಗೆಲುವು ನಮ್ಮದು ಎಂದು ಅಂಗಲಾಚಿದರು. ನಾನೂ ಒಳಗಿನಿಂದ ಕಣ್ಣಲ್ಲೇ ಸನ್ನೆ ಮಾಡಿದೆ. ಇವರು ಒಪ್ಪಲಿಲ್ಲ. ಸೋತರು. ಸಂಚು ಎಂದರೆ ಇದೇ. ಅದನ್ನು ಹೂಡಿದವರು ನಿನ್ನ ಅಪ್ಪಯ್ಯನೇ. ಸೋತ ಮರುದಿನ ಸ್ನಾನ ಮಾಡಿ ಪುಸ್ತಕ ಬಿಚ್ಚಿದರು. ವಿರುದ್ಧ ಓಟು ಹಾಕಿದವರೂ ಬಂದು ಕೂತರು. ಅವತ್ತು ಯಾರ ಸೊಂಟದಲ್ಲೂ ಅರ್ಜಿ ಇರಲಿಲ್ಲ.

ಅದು ಹಳೆಯ ಕಾಲ ಎನ್ನಬೇಡ. ಇಲ್ಲಿಗೆ ಬಂದ ಮೇಲೆ ತುರ್ಭೆ ಮಾರ್ಕೆಟ್ಟಿನ ನಮ್ಮೂರ ಹಮಾಲರು ಅಪ್ಪಯ್ಯನನ್ನು ಪುರಾಣಕ್ಕೆ ಕರೆದಾಗ ಕಾರು ಓಡಿಸಿದವನು ನೀನೇ. ಕಥೆಯ ನಡುವೆ ಚುನಾವಣೆಗೆ ನಿಂತವನೊಬ್ಬ ವೇದಿಕೆ ಹತ್ತಿ, ಇವರ ಪಕ್ಕದಲ್ಲಿ ಕೈ ಮುಗಿದು ನಿಂತ. ಇವರು ಪುಸ್ತಕ ಮುಚ್ಚಿ ಕೆಳಗಿಳಿದು ಜನರ ನಡುವೆ ಕೂತರು. “ಇವ್ರದ್ ಮುಗೀಲಿ, ನಾವ್ ಕಾಯ್ವ” ಎಂದರು. ಅವನು ಹೋದ ಮೇಲೆಯೇ ಕಥೆ ಮುಂದುವರಿದದ್ದು. ಮನೆಗೆ ಬಂದು ನೀನು ನಕ್ಕು ನಕ್ಕು ನನಗೆ ಹೇಳಿದ್ದೆಯಲ್ಲ. ಈಗ ಆ ಕೈ ಮುಗಿದವನ ಜಾಗದಲ್ಲಿ ನಿಲ್ಲಲು ಹೊರಟವನು ಯಾರು ಮಗಾ?

“ಕಾಲ ಬದಲಾಗಿದೆ ಅಮ್ಮ, ಎಲ್ಲರೂ ಮಾಡುತ್ತಾರೆ” ಎಂದೆಯಲ್ಲ ನೀನು ಮೊನ್ನೆ ಫೋನಿನಲ್ಲಿ. ಎಲ್ಲರೂ ಮಾಡುವುದಾದರೆ ಎಲ್ಲರ ಅಪ್ಪಂದಿರ ಹೆಸರು ಹಾಕಿಕೋ, ನಿನ್ನ ಅಪ್ಪಯ್ಯನದ್ದು ಬೇಡ. ಓಟು ಕೇಳಬೇಡ ಎನ್ನುವುದಿಲ್ಲ. ಹೋಟೆಲು ನಡೆಸಿದವನು, ನೂರು ಜನರಿಗೆ ಹೊತ್ತಿಗೆ ಸರಿಯಾಗಿ ಬಡಿಸಿದವನು, ಅದನ್ನೇ ಹೇಳಿ ಕೇಳು. ಹಾಗೆ ಕೇಳುವುದಾದರೆ ಈ ಮೊಣಕಾಲು ಹೊತ್ತುಕೊಂಡೇ ಮನೆಮನೆಗೆ ನಿನ್ನ ಜೊತೆ ಬಂದೇನು. ಪುರಾಣವನ್ನೂ ಹೇಳಿಸು, ಅಪ್ಪಯ್ಯನ ಹೆಸರಿನಲ್ಲೇ ಹೇಳಿಸು. ಗೆದ್ದರೆ ಅಧಿಕಾರ ಮುಗಿದ ಮೇಲೆ, ಸೋತರೆ ಮರುದಿನವೇ. ಎರಡನ್ನೂ ಒಂದೇ ಚಪ್ಪರದಡಿ ತಂದರೆ ನನ್ನ ಕೈಯಿಂದ ದೀಪ ಹತ್ತುವುದಿಲ್ಲ. ಮಾಸ್ಟ್ರ ಹೆಂಡತಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿಸಬೇಡ. ಹುಷಾರಾಗಿಯೇ ಇದ್ದೇನೆ, ಅದೇ ನಿನ್ನ ತೊಂದರೆ.

ಬಿಸಿಲಲ್ಲಿ ತಲೆಗೆ ಬಟ್ಟೆ ಹಾಕಿಕೋ. ಊರಿನ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಜೊತೆಗೆ ಕೊಡಲಿ. ಅಲ್ಲಿ ನನ್ನನ್ನು ಕೇಳಿದವರಿಗೆಲ್ಲ ನಮಸ್ಕಾರ ತಿಳಿಸು.

ನಿನ್ನ ಹೆತ್ತ ಅಮ್ಮ,
ದ್ರೌಪದಿ

ಮತ್ತೊಂದು: ಕೊರಿಯರಿನವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಪ್ರಣೀತಾ ಕಂಪ್ಯೂಟರಿನಲ್ಲಿ ಮತ್ಸ್ಯಗಂಧ ರೈಲಿಗೆ ನನಗೂ ಅವಳಿಗೂ ಸೀಟು ಮಾಡಿಸಿದ್ದಾಳೆ. ಥಾಣೆಯಲ್ಲಿ ಹತ್ತಿ, ನಿನ್ನ ಸಪ್ತಾಹ ಶುರುವಾಗುವ ದಿನವೇ ಬೆಳಿಗ್ಗೆ ಉಡುಪಿಯಲ್ಲಿ ಇಳಿಯುತ್ತೇವೆ. ಸಪ್ತಾಹ ಬಿಟ್ಟೆಯೋ, ಚುನಾವಣೆ ಬಿಟ್ಟೆಯೋ, ಪ್ಲಾಟ್‌ಫಾರ್ಮಿನಲ್ಲೇ ಹೇಳು. ಎರಡೂ ಇದ್ದರೆ ನಾನು ವೇದಿಕೆ ಹತ್ತುವುದು ಖಂಡಿತ. ದೀಪ ಹಚ್ಚುವುದಿಲ್ಲ, ಮೈಕು ಹಿಡಿಯುತ್ತೇನೆ. ನಿನ್ನ ಅಪ್ಪಯ್ಯ ಪುಸ್ತಕ ಮುಚ್ಚಿದ್ದು ಯಾಕೆಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳುತ್ತೇನೆ. ಸ್ಟೇಷನ್ನಿಗೆ ಬರುವಾಗ ಹಾರ ತರಬೇಡ, ಫೋಟೋದವನನ್ನು ತರಬೇಡ. ಒಬ್ಬನೇ ಬಾ.