ಒಂದು ಸೊನ್ನೆ ಹೆಚ್ಚಾದದ್ದಕ್ಕೆ

ಭಾನುವಾರ, ಬೆಳಿಗ್ಗೆ

ಮಾತು ಬಿಟ್ಟಿರುವ ಅಕ್ಕನಿಗೆ,

ಮೊನ್ನೆ "ನನ್ನ ಇಂಟರ್‌ವ್ಯೂ ಮುಗಿಯೋ ತನಕ ಬಾಯಿ ಮುಚ್ಕೊಂಡಿರೇ, ಅಷ್ಟೇ ಕೇಳ್ತಿರೋದು" ಎಂದು ನೀನು ಫೋನ್ ಇಟ್ಟುಬಿಟ್ಟೆ. ನನಗೆ ಉತ್ತರ ಹೇಳಲೂ ಬಿಡಲಿಲ್ಲ. ಉತ್ತರ ಇದು: ಮುಚ್ಚುವುದಿಲ್ಲ.

ಅಮ್ಮನಿಗೆ ಹೇಳುವ ಭಾಷೆಯಲ್ಲೇ ಬರೆಯುತ್ತೇನೆ. ದೊಡ್ಡ ಪದ ಸಿಕ್ಕರೆ ನೀನು ಅದರ ಹಿಂದೆ ಅಡಗಿಕೊಳ್ಳುತ್ತೀಯೆ. ಅಮ್ಮ ಇವತ್ತಿಗೂ "ಲ್ಯಾಬಿಗೆ ಸ್ವೆಟರ್ ಹಾಕ್ಕೊಂಡು ಹೋಗು" ಎನ್ನುತ್ತಾಳೆ. ತಣ್ಣಗಿರುವುದು ಗಾಜಿನ ಡಬ್ಬಿಯೊಳಗಿನ ಒಂದು ಚಿಟಿಕೆ ಪರಮಾಣು ಮಾತ್ರ; ಕೋಣೆಯಲ್ಲಿ ನಾವು ಬೆವರುತ್ತೇವೆ.

ಆ ಪರಮಾಣುಗಳನ್ನು ಲೇಸರ್ ಬೆಳಕಿನ ಕುಳಿಗಳಲ್ಲಿ, ಒಂದು ಬಿಟ್ಟು ಒಂದರಂತೆ, ಕೂರಿಸುತ್ತೇವೆ. ಕುಳಿಗಳ ಆಳವನ್ನು ಬೇಕೆಂದೇ ಏರುಪೇರು ಮಾಡಿರುತ್ತೇವೆ. ಆಮೇಲೆ ಬಿಟ್ಟುಬಿಡುತ್ತೇವೆ. ಅವು ಆಚೀಚೆ ಜಿಗಿದು, ಒಂದಕ್ಕೊಂದು ತಾಕಿ, ಮೊದಲು ಎಲ್ಲಿ ಕೂತಿದ್ದವೆಂಬುದನ್ನೇ ಮರೆಯುತ್ತವೆಯೇ? ಏರುಪೇರು ಸಾಕಷ್ಟಿದ್ದರೆ ಎಂದೆಂದಿಗೂ ಮರೆಯುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದವಳು ನೀನು. ನಿನ್ನ ಹೆಸರು ನಿಂತಿರುವುದು ಅದರ ಮೇಲೆ. ಬುಧವಾರದ ಇಂಟರ್‌ವ್ಯೂನಲ್ಲಿ ಸಿಗಬೇಕಾದ ಕಾಯಂ ಕೆಲಸವೂ. ನೆನಪು ಎಷ್ಟು ಉಳಿದಿದೆಯೆಂದು ತೋರಿಸುವ ನಮ್ಮ ಲ್ಯಾಬಿನ ಗ್ರಾಫ್ ಕೆಳಗಿಳಿಯದೆ ಸಮತಟ್ಟಾಗಿ ಮಲಗಿ ನಿನಗೆ ಸಾಕ್ಷಿ ಹೇಳುತ್ತಿತ್ತು.

ಗೆರೆ ಸಮತಟ್ಟಾದ ಕೂಡಲೇ ಅಳೆಯುವುದನ್ನು ನಿಲ್ಲಿಸುವುದು ಇಲ್ಲಿನ ಪದ್ಧತಿ, ಅದಕ್ಕೇ ಹೇಳುತ್ತಿತ್ತು. ಹೋದ ತಿಂಗಳು ಪರಮಾಣುಗಳನ್ನು ಹಿಡಿದಿಡುವ ಸಮಯ ಟೈಪ್ ಮಾಡುವಾಗ ನಾನು ಒಂದು ಸೊನ್ನೆ ಹೆಚ್ಚು ಒತ್ತಿದೆ. ಹತ್ತರಷ್ಟು ಹೊತ್ತು ಕಳೆದ ಮೇಲೆ ಬಂದ ಚಿತ್ರದಲ್ಲಿ ಒಂದು ಬಿಟ್ಟು ಒಂದರ ಆ ಜೋಡಣೆ ಅರ್ಧ ಅಳಿಸಿಹೋಗಿತ್ತು. ಯಂತ್ರ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿ ಎಂದೂ ಬಯಸಿದೆ. ಪರಮಾಣುಗಳು ಒಂದನ್ನೊಂದು ತಾಕದಂತೆ ಮಾಡಿ ಅಷ್ಟೇ ಹೊತ್ತು ಹಿಡಿದಿಟ್ಟೆ. ಜೋಡಣೆ ಅಲ್ಲಾಡಲಿಲ್ಲ. ತಾಕಲು ಬಿಟ್ಟೆ, ಮತ್ತೆ ಅಳಿಸಿತು. ಯಂತ್ರ ಸರಿಯಾಗಿಯೇ ಇತ್ತು ಅಕ್ಕಾ. ಒಂಟಿಯಾಗಿದ್ದಾಗ ನೆನಪಿಟ್ಟುಕೊಳ್ಳುವ ಪರಮಾಣುಗಳು ಗುಂಪಾದಾಗ ನಿಧಾನವಾಗಿ ಮರೆಯುತ್ತವೆ.

ನನ್ನ ಪಿಎಚ್‌ಡಿ ಗೈಡ್ ಚಿತ್ರ ನೋಡಿ ಕನ್ನಡಕ ಒರೆಸಿಕೊಂಡರು. "ಗೆರೆ ಮೊದಲಿದ್ದಲ್ಲಿಗೇ ನಿಲ್ಸಮ್ಮ. ಸುಳ್ಳು ಹೇಳು ಅಂತಿಲ್ಲ, ಪೂರ್ತಿ ಹೇಳ್ಬೇಡ ಅಂತಿದೀನಿ" ಎಂದರು. ಹಾಗಾದರೆ ಲ್ಯಾಬಿನಿಂದ ಕಳಿಸಲಿರುವ ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ ಎಂದೆ. "ಒಡಹುಟ್ಟಿದವಳ ಹೊಟ್ಟೆ ಮೇಲೇ ಹೊಡೀತೀಯಲ್ಲ" ಎಂದರು. ಲ್ಯಾಬಿನ ಕೀಲಿ ಕೇಳಿದರು. ಮೇಜಿನ ಮೇಲಿಟ್ಟು ಬಂದೆ. ನನ್ನ ಪಿಎಚ್‌ಡಿ ಏನಾಗುತ್ತದೋ ಗೊತ್ತಿಲ್ಲ. ಅಮ್ಮನಿಗೆ ಈಗಲೇ ಹೇಳಬೇಡ.

ಪೂರ್ತಿ ಗ್ರಾಫ್ ಇದರ ಜೊತೆಗಿದೆ. ಕೊರಿಯರ್‌ನವನು ಮಂಗಳವಾರ ತಲುಪಿಸುತ್ತಾನಂತೆ. ನೀನೇ ಅದನ್ನು ಇಂಟರ್‌ವ್ಯೂ ಮಾಡುವವರ ಮುಂದಿಡು. "ನನ್ನ ಲೆಕ್ಕ ಇಲ್ಲಿಯವರೆಗೆ ನಿಲ್ಲುತ್ತದೆ, ಇದರಾಚೆ ಬೀಳುತ್ತದೆ, ಯಾಕೆಂದು ಹುಡುಕುತ್ತೇನೆ" ಎಂದು ನಿನ್ನ ಬಾಯಿಂದಲೇ ಹೇಳು. ನೀನು ಹೇಳದಿದ್ದರೆ ಶುಕ್ರವಾರ ವಿಭಾಗದ ಸೆಮಿನಾರಿನಲ್ಲಿ ನಾನು ಹೇಳುತ್ತೇನೆ. ಕೆಲಸ ಕೈತಪ್ಪಿದರೆ ಬಾಯಿಗೆ ಬಂದಂತೆ ಬೈಯಿ. ಅರ್ಧ ಗೆರೆ ತೋರಿಸಿ ಗಿಟ್ಟಿಸಿದ ಕುರ್ಚಿಯಲ್ಲಿ ನೀನು ಕೂತಿರುವುದನ್ನು ಮಾತ್ರ ನಾನು ನೋಡಲಾರೆ. ಮುಂದೆ ಯಾರೇ ಒಂದು ಸೊನ್ನೆ ಹೆಚ್ಚು ಒತ್ತಿದರೂ ನಿನ್ನ ಎದೆ ಧಸಕ್ಕೆನ್ನುತ್ತದೆ. ಅಂಥ ಬಾಳು ನಿನಗೆ ಬೇಡ.

ಮಣಿಯದ,
ನಿನ್ನ ಚಿನಕುರುಳಿ

ತಾ.ಕ.: ಪೆಟ್ಟು ನಿನಗೊಬ್ಬಳಿಗೇ ಬಿತ್ತು ಎಂದುಕೊಳ್ಳಬೇಡ. ವಿದ್ಯಾರ್ಥಿ ಸಂಘಕ್ಕೆ ನಾನು ಬರೆದ ಕರಪತ್ರ ಅಚ್ಚಾಗಿ ಬಂದಿತ್ತು: "ಒಂಟಿ ಮರೆಯುತ್ತಾನೆ, ಗುಂಪು ಮರೆಯುವುದಿಲ್ಲ. ವಿಜ್ಞಾನವೇ ಹೇಳಿದೆ." ಹಂಚಬೇಡಿ ಎಂದಾಗ ಸಂಘದವರು "ಪರಮಾಣು ಏನಾದ್ರೂ ಬಂದು ಕೇಳತ್ತೇನೇ?" ಎಂದು ನಕ್ಕರು. ಕಟ್ಟುಗಳನ್ನೆಲ್ಲ ರೂಮಿಗೆ ಹೊತ್ತು ತಂದೆ. ಈ ಪತ್ರ ಬರೆದಿರುವುದು ಆ ಕರಪತ್ರವೊಂದರ ಬೆನ್ನ ಮೇಲೆಯೇ. ಹಾಳೆ ತಿರುಗಿಸಿ ನೋಡು, ಅಲ್ಲಿ ನಿನ್ನ ಗ್ರಾಫ್ ಇದೆ. ಅದರ ಕೆಳಗೆ ದಪ್ಪಕ್ಷರದಲ್ಲಿ "ಇದು ನನ್ನ ಅಕ್ಕನ ಲೆಕ್ಕ" ಎಂದು ಹಾಕಿಸಿದ್ದೆ.