ಖಾಲಿ ಗಾಡಿಗೆ ಸೆಕೆಂಡ್ ಸಾಕು

ಹೊಳಲ್ಕೆರೆ
೨೩ ಫೆಬ್ರವರಿ ೨೦೨೫

ಗೆಳೆಯ ರಂಗಯ್ಯನಿಗೆ ತಿಪ್ಪೇರುದ್ರಪ್ಪ ಮಾಡುವ ನಮಸ್ಕಾರ, ಅದರ ಹಿಂದೆಯೇ ನಾಲ್ಕು ಬೈಗುಳ.

ಹೇಗಿದ್ದೀಯ? ಹೊಸದುರ್ಗದಲ್ಲಿ ಮಗಳು ಸುಮಿತ್ರಾ ಮನೆಯಲ್ಲಿ ಚೆನ್ನಾಗಿದ್ದೀಯೆಂದು ಕೇಳಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಬಾಯಿ ಮೊದಲಿನ ಹಾಗೆಯೇ ಓಡುತ್ತದೆ. ಎಡಗಾಲು ಮಾತ್ರ ಮಾತು ಕೇಳುವುದಿಲ್ಲ. ಕಾಲಿನ ಸುದ್ದಿ ಬಂತೆಂದು ಕಾಗದ ಮಡಚಿಡಬೇಡ, ನಿನ್ನ ದಮ್ಮಯ್ಯ, ಪೂರ್ತಿ ಓದು. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ "ರಾಂಗ್ ನಂಬರ್" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯಲು ಕೂತೆ. ಹೋದ ವಾರವೇ ಬರೆಯಬೇಕಿತ್ತು, ಮದುವೆ ಸೀಸನ್ನು, ಬಿಡುವಾಗಲಿಲ್ಲ. ಈಗ ಸ್ಟೂಲಿನ ಮೇಲೆ ಕೂತೇ ಅಡುಗೆ ಮಾಡಿಸುತ್ತೇನೆ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಬೈಯುವುದೇ ಆಗಿದೆ, ಅದರಲ್ಲಿ ನನ್ನ ಕೈಗುಣ ನಿನಗೆ ಗೊತ್ತಲ್ಲ.

ಸುದ್ದಿ ನಮ್ಮ ಪಿಕಪ್‌ದು. ನಮ್ಮಪ್ಪ ಹರಾಜಿನಲ್ಲಿ ಹಿಡಿದ, ಸ್ಟೇರಿಂಗ್ ಕೆಳಗೇ ಗೇರಿರುವ ಆ ಮುದಿ ಗಾಡಿ. ನನ್ನ ಹಂಡೆ ಕೊಪ್ಪರಿಗೆ ಹೇರಿಕೊಂಡು ಮದುವೆ ಮನೆಯಿಂದ ಮದುವೆ ಮನೆಗೆ ಅದನ್ನು ಓಡಿಸಿದವನು ನೀನೊಬ್ಬನೇ. ನೀನು ಬಿಟ್ಟ ಮೇಲೆ ಆರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಮಗ ಗುರುರಾಜನದು ಒಂದೇ ರಾಗ: "ಅಪ್ಪಾಜಿ, ಮಾರಿಬಿಡಾಣ. ಹಳೇ ಗಾಡಿ ಹುಚ್ಚಿನೋರು ಅದಾರೆ, ಒಳ್ಳೇ ರೇಟು ಕೊಡ್ತಾರೆ."

ಸರಿ, ದಾವಣಗೆರೆಯಿಂದ ಅಂಥ ಹುಚ್ಚಿನವನೊಬ್ಬ ಬಂದ. ಬ್ಯಾಟರಿ ತಂದಿದ್ದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಕೆಮ್ಮುತ್ತ ಎದ್ದಿತು. ನಾನು ಶೆಡ್ಡಿನ ಮುಂದೆ ಕೋಲೂರಿಕೊಂಡು ನಿಂತಿದ್ದೆ. ಗುರುರಾಜ್ ಅವನಿಗೆ "ಫಸ್ಟ್ ಹಾಕ್ರಿ" ಅಂದ. ಆ ಪುಣ್ಯಾತ್ಮ ನಕ್ಕು ಏನಂದ ಗೊತ್ತೇನೋ? "ಖಾಲಿ ಗಾಡಿಗೆ ಫಸ್ಟ್ ಯಾಕ್ರಿ, ಸೆಕೆಂಡ್ ಸಾಕು." ನಿನ್ನದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅವನು ಲಿವರನ್ನು ಆಚೆ ತಳ್ಳಿ ಮೇಲೆತ್ತಿದ, ನೀನು ಎತ್ತುತ್ತಿದ್ದ ಹಾಗೇ. ಕ್ಲಚ್ ಬಿಟ್ಟ. ಗಾಡಿ ಧಡ್ ಎಂದು ಹಿಂದಕ್ಕೆ ಹೋಗಿ ಶೆಡ್ಡಿನ ಗೋಡೆಯನ್ನೇ ಕೆಡವಿತು.

ರಂಗ, ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. "ಕೈ ತೆಗೀಬ್ಯಾಡ! ಹಂಗೇ ಹಿಡಕಂಡಿರು!" ಎಂದು ಕುಂಟುತ್ತ ಓಡಿದೆ. ಅವನ ಕೈ ಲಿವರಿನ ಮೇಲೆ ಸೆಕೆಂಡಿನ ಜಾಗದಲ್ಲೇ ಇತ್ತು. ಗುರುರಾಜ್ ಅಪ್ಪನಿಗೆ ತಲೆ ಕೆಟ್ಟಿತೆಂದು ನೀರು ತಂದ. ನಾನು ಅವನಿಗೆ ಅಂದೆ, "ನೀರು ಆಮ್ಯಾಕೆ ಕೊಡು. ಮೊದ್ಲು ಇದನ್ನ ಕಣ್ಣು ಬಿಟ್ಟು ನೋಡು. ಸೆಕೆಂಡ್ ಹಾಕವ್ನೆ, ಹಿಂದಕ್ಕೆ ಬಂದೈತೆ."

ಆ ದಿನವೂ ಹೀಗೇ ಅಲ್ಲವೇನೋ? ಭೀಮಸಮುದ್ರದ ಮದುವೆಮನೆಯಲ್ಲಿ ಹಂಡೆಗಳನ್ನೆಲ್ಲ ಇಳಿಸಿಯಾಗಿತ್ತು. ಗಾಡಿ ಮುಂದೆ ತೆಗೆದು ನೆರಳಿಗೆ ನಿಲ್ಲಿಸಬೇಕಿತ್ತು, ಅಷ್ಟೇ. ನಾನು ಹಿಂದೆ ನಿಂತು ಗಾಡಿಯ ಹಿಂಬದಿಯ ಹಲಗೆ ಎತ್ತಿ ಹಾಕಿ "ಹೂಂ, ಹೋಗು" ಅಂದೆ. ಗಾಡಿ ನನ್ನ ಮೇಲೇ ಬಂತು, ಮೊಣಕಾಲು ಕಲ್ಲುಗೋಡೆಗೆ ಸಿಕ್ಕಿತು. ಜನ ನಿನ್ನನ್ನು ಮುತ್ತಿಕೊಂಡರು. ನಿದ್ದೆಗಣ್ಣಲ್ಲಿ ರಿವರ್ಸ್ ಹಾಕಿದ ಅಂದರು, ಕುಡಿದಿದ್ದ ಅಂದರು. ಹುಟ್ಟಿದ ಮೇಲೆ ಮಜ್ಜಿಗೆ ಬಿಟ್ಟು ಇನ್ನೊಂದು ಕುಡಿದವನಲ್ಲ ನೀನು. ಆದರೆ ನೀನೇ ಅವರ ಮುಂದೆ ಕೈಮುಗಿದು "ನನ್ ಕೈಯಿಂದಾನೇ ಆತು" ಅಂದುಬಿಟ್ಟೆ. ಅದೇ ಗಾಡಿಯಲ್ಲಿ ನನ್ನನ್ನು ಚಿತ್ರದುರ್ಗದ ಆಸ್ಪತ್ರೆಗೆ ಒಯ್ದೆ, ದಾರಿಯುದ್ದಕ್ಕೂ ಅತ್ತೆ. ನನ್ನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಕೀಲಿಕೈಯನ್ನು ನಿನ್ನ ಅತ್ತಿಗೆ ವೀರಮ್ಮನ ಮಡಿಲಿಗೆ ಹಾಕಿ ಹೋದವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಗಾಡಿ ಮಾರುವ ಮಾತು ಅಲ್ಲಿಗೆ ಮುಗಿಯಿತು. ದುರ್ಗದಿಂದ ಚಿಕ್ಕತಿಮ್ಮಪ್ಪನನ್ನು ಕರೆಸಿದೆ. ಅವನು ದೊಡ್ಡ ಬಡಾಯಿ ಮೆಕ್ಯಾನಿಕ್ಕು. ಗಂಟೆಗೊಂದು ಟೀ ಬೇಕು, ಟೀಗೊಂದು ಕಥೆ. ಸ್ಟೇರಿಂಗ್ ಕೋಲನ್ನು ಪೂರ್ತಿ ಬಿಚ್ಚಿ ಅಂಗಳದಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ. ಒಳಗಿನ ಬುಷ್ ಅಂದರೆ ಗೇರಿನ ಕೋಲು ಅಲುಗದ ಹಾಗೆ ಹಿಡಿದಿಡುವ ಬಳೆ. ಅದು ಸವೆದು ಸವೆದು ಕಾಗದದಷ್ಟಾಗಿತ್ತು.

"ಯಜಮಾನ್ರೇ, ಇದು ಸತ್ತು ಎಷ್ಟೋ ಕಾಲ ಆಗೈತೆ," ಅಂದ. "ಕೋಲು ಜಗ್ಗಿ ಕುಂತೈತೆ. ಮ್ಯಾಲೆ ನೀವು ಸೆಕೆಂಡ್ ಹಾಕ್ತೀರಿ, ಕೆಳಗೆ ಅದು ರಿವರ್ಸಿಗೆ ಬೀಳ್ತೈತೆ. ಒಂದೊಂದ್ ಸಲ ಸರೀಗೆ ಬೀಳ್ತೈತೆ, ಒಂದೊಂದ್ ಸಲ ಇಲ್ಲ. ಆ ದ್ಯಾವ್ರೇ ಬಂದು ಕುಂತ್ರೂ ಅಷ್ಟೇಯ."

ಅದನ್ನು ಅವನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕುಡುಕ ಅಂದ ಗೊಲ್ಲಪ್ಪನನ್ನೂ ಕರೆಸಿ ಕೇಳಿಸಿದೆ. ಅವನು ತಲೆ ಕೆರೆದುಕೊಂಡು, "ಎಲ್ಲಾರೂ ಅಂದ್ರು, ನಾನೂ ಅಂದೆ ಕಣಪ್ಪ" ಅಂದ. ಬಾಯಿಗೆ ಬಂದದ್ದು ಬೈದೆ. ಆಮೇಲೆ ಟೀ ಕೊಟ್ಟೆ, ಮನೆಗೆ ಬಂದವನಲ್ಲವೇ.

ಹೊಸ ಬುಷ್ ಎಲ್ಲೂ ಸಿಗಲಿಲ್ಲ. ಚಿಕ್ಕತಿಮ್ಮಪ್ಪ ನೈಲಾನಿನದೊಂದು ಮಾಡಿಸಿ ಹಾಕಿದ, ಗೇರು ಕಚ್ಚಿಕೊಂಡು ಅಲುಗಲೇ ಇಲ್ಲ. ಅವನ ಬಡಾಯಿ ಒಂದು ದಿನ ಇಳಿಯಿತು. ಗಟ್ಟಿ ಹಿತ್ತಾಳೆ ಬೇಕು ಅಂದ. ನಾನು ಒಳಗೆ ಹೋಗಿ ವೀರಮ್ಮನ ಎಲೆಅಡಿಕೆ ಕುಟ್ಟಾಣಿ ತಂದುಕೊಟ್ಟೆ. ಹೋದ ವರ್ಷ ಅವಳು ತೀರಿಕೊಂಡ ಮೇಲೆ ಅದು ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಗಾಡಿ ಹೊರಡುವ ಮುಂಚೆ ಅದರಲ್ಲಿ ಕುಟ್ಟಿ, ಮೊದಲ ಉಂಡೆ ನಿನ್ನ ಕೈಗೆ ಕೊಡುತ್ತಿದ್ದಳು, ಎರಡನೆಯದು ನನಗೆ. "ಗಂಡಂಗಿಂತ ಡ್ರೈವರ್ರೇ ಹೆಚ್ಚಾದ್ನೇನೇ?" ಅಂದರೆ, "ನಿಮ್ಮನ್ನ ವಾಪಸ್ ಕರ್ಕಂಡ್ ಬರೋನು ಅವ್ನೇ ಅಲ್ವೇನ್ರಿ" ಅನ್ನುತ್ತಿದ್ದಳು. ಲೇತಿನವನು ಅದನ್ನೇ ಕಡೆದು ಬುಷ್ ಮಾಡಿಕೊಟ್ಟ. ಗುರುರಾಜನ ಮುಖ ಸಣ್ಣದಾಯಿತು. ಅಮ್ಮನ ಸಾಮಾನು ಅಂತ ಅವನಿಗೆ. ನನಗೆ ಮಾತ್ರ ಅದು ಸೇರಬೇಕಾದ ಜಾಗಕ್ಕೇ ಸೇರಿತು ಅನ್ನಿಸಿತು.

ಈಗ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಸೆಕೆಂಡ್ ಅಂದರೆ ಸೆಕೆಂಡ್. ಬರುವ ಭಾನುವಾರ ಗಾಡಿ ನಿನ್ನ ಮಗಳ ಮನೆ ಮುಂದೆ ನಿಲ್ಲುತ್ತದೆ. ಅಲ್ಲಿಯವರೆಗೆ ಗುರುರಾಜ್ ಓಡಿಸುತ್ತಾನೆ, ಅವನು ಓಡಿಸುವುದನ್ನು ಕಂಡರೆ ನಿನಗೇ ತಡೆಯಲಾಗದು. ವಾಪಸು ಓಡಿಸುವವನು ನೀನು. ಆಗುವುದಿಲ್ಲ, ಕೈ ನಡುಗುತ್ತದೆ ಎನ್ನುತ್ತೀಯ, ಗೊತ್ತು. ನಡುಗಲಿ. ನೀನು ಸೀಟಿನಲ್ಲಿ ಕೂತು ಸೆಕೆಂಡ್ ಹಾಕು. ನಾನೇ ಗಾಡಿಯ ಹಿಂದೆ ನಿಂತು ಹಲಗೆ ಹಾಕಿ "ಹೂಂ, ಹೋಗು" ಅನ್ನುತ್ತೇನೆ.

ಸುಮಿತ್ರಾಳಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ನಿನಗಿಂತ ಎರಡು ವರ್ಷ ದೊಡ್ಡವನು, ನಿನಗೂ ಒಂದು ಆಶೀರ್ವಾದ ಇರಲಿ: ಹಲ್ಲಿರುವವರೆಗೆ ನನ್ನ ಕೈಯ ಕಡುಬು ತಿನ್ನುತ್ತಿರು.

ನಿನ್ನ
ತಿಪ್ಪೇರುದ್ರಪ್ಪ

ಮರೆತಿದ್ದೆ: ಕಾಲಿನ ವಿಷಯಕ್ಕೆ ನಾನು ನಿನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ ರಂಗ. ಸಿಟ್ಟಾದದ್ದು ಬೇರೆಯದಕ್ಕೆ. ವೀರಮ್ಮ ಹೋದ ಬೆಳಿಗ್ಗೆ ನಿನಗೆ ಹೇಳಿ ಕಳಿಸಿದ್ದೆ. ಮಧ್ಯಾಹ್ನಕ್ಕೆ ಮಣ್ಣಿಗೆ ಎಲ್ಲ ಸಿದ್ಧವಾಗಿತ್ತು. ನಾನು "ಸ್ವಲ್ಪ ತಡೀರಿ" ಅಂದೆ. ಹೊಸದುರ್ಗದ ಬಸ್ಸು ಒಂದೊಂದು ಬಂದಾಗಲೂ ರಸ್ತೆ ನೋಡಿದೆ, ನೀನು ಇಳಿಯಲಿಲ್ಲ. ಹೊತ್ತು ಇಳಿಯುತ್ತ ಬಂದಾಗ ಮಠದ ಅಯ್ಯನವರು ಹತ್ತಿರ ಬಂದು ಮೆಲ್ಲಗೆ, "ಮಗ ಬರಬೇಕಾಗೈತೇನಪ್ಪ?" ಎಂದು ಕೇಳಿದರು. ಗುರುರಾಜ್ ನನ್ನ ಪಕ್ಕದಲ್ಲೇ ನಿಂತಿದ್ದ. ಆದರೂ ನಾನು ಹೌದು ಅಂದೆ.